ಪಥ್ಯದ ಜೊತೆಗೆ ಲಸಿಕೆಯೂ ಬೇಕು

ಕುಚ್ಚಲಕ್ಕಿ ಗಂಜಿ, ನೀರುದೋಸೆ, ಪತ್ರೊಡೆಗಳ ಉಡುಪಿ ಜಿಲ್ಲೆಯಲ್ಲಿ ಸೀಲಿಯಾಕ್ ಕಾಯಿಲೆಯ ಹೆಸರು ಕೇಳಿದವರು ವಿರಳ. ಗೋಧಿ, ಬಾರ್ಲಿ ಮತ್ತು ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನಿನ ನೆಪದಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಸಣ್ಣ ಕರುಳಿನ ಒಳಪದರವನ್ನು ಹಾಳುಗೆಡಹುವ ಕಾಯಿಲೆ ಇದು. ಗೋಧಿ ಉಣ್ಣುವ ಉತ್ತರ ಭಾರತೀಯರಿಗಷ್ಟೇ ಇದು ಬರುತ್ತದೆ ಎಂಬುದು ಒಂದು ನಂಬಿಕೆ. ಬಂದರೂ ಹೊಟ್ಟೆಯ ತೊಂದರೆಯಷ್ಟೇ, ಚಪಾತಿ ಬಿಟ್ಟರೆ ಮುಗಿಯಿತು ಎಂಬುದು ಇನ್ನೊಂದು. ಇವೆರಡನ್ನೂ ಮರುಪರಿಶೀಲಿಸಬೇಕಾಗಿದೆ.

ದೇಶದ ಮೂರು ಪ್ರದೇಶಗಳಲ್ಲಿ 23 ಸಾವಿರಕ್ಕೂ ಹೆಚ್ಚು ವಯಸ್ಕರನ್ನು ಪರೀಕ್ಷಿಸಿದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಕಾಯಿಲೆಯನ್ನು ಸೂಚಿಸುವ ಪ್ರತಿಕಾಯಗಳು ರಕ್ತದಲ್ಲಿ ಇದ್ದವರ ಪ್ರಮಾಣ ಉತ್ತರದಲ್ಲಿ ಶೇ 1.23, ಈಶಾನ್ಯದಲ್ಲಿ ಶೇ 0.87 ಇದ್ದರೆ ದಕ್ಷಿಣದ ವೆಲ್ಲೂರಿನಲ್ಲಿ ಶೇ 0.10 ಮಾತ್ರ. ಆದರೆ ಕಾಯಿಲೆಗೆ ಎಡೆಮಾಡಿಕೊಡುವ ವಂಶವಾಹಿಗಳು ಉತ್ತರದಲ್ಲೂ ದಕ್ಷಿಣದಲ್ಲೂ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಜನರಲ್ಲಿ ಕಂಡುಬಂದವು. ಉತ್ತರದವರು ದಿನಕ್ಕೆ ಸರಾಸರಿ 455 ಗ್ರಾಂ ಗೋಧಿ ಉಣ್ಣುತ್ತಿದ್ದರೆ ದಕ್ಷಿಣದವರದು 25 ಗ್ರಾಂ. ಅಷ್ಟೇನೂ ಗೋಧಿ ಉಣ್ಣದ ಈಶಾನ್ಯದಲ್ಲೂ ಕಾಯಿಲೆ ಇರುವುದರಿಂದ ಪ್ರಮಾಣವೊಂದೇ ಕಾರಣವೆನ್ನಲಾಗದು. ಆದರೂ ಅಕ್ಕಿಯ ಊಟ ನಮ್ಮನ್ನು ಎಂದೆಂದಿಗೂ ಕಾಯುತ್ತದೆ ಎಂದು ನೆಚ್ಚಿಕೊಳ್ಳುವಂತಿಲ್ಲ.

ಏಕೆಂದರೆ ಕರಾವಳಿಯ ತಟ್ಟೆಯೂ ಬದಲಾಗಿದೆ. ಸಕ್ಕರೆ ಕಾಯಿಲೆಯ ಭಯದಿಂದ ರಾತ್ರಿಯ ಅನ್ನದ ಜಾಗಕ್ಕೆ ಚಪಾತಿ ಬಂದಿದೆ. ಗೋಳಿಬಜೆ, ಬನ್ಸ್‌ಗಳಲ್ಲಿ ಮೈದಾ ಇದೆ. ಸಾರಿಗೆ ಹಾಕುವ ಅಂಗಡಿಯ ಇಂಗಿನಲ್ಲೂ ಹೆಚ್ಚಾಗಿ ಗೋಧಿ ಹಿಟ್ಟು ಬೆರೆತಿರುತ್ತದೆ. ಇನ್ನು ಮಣಿಪಾಲಕ್ಕೆ ದೇಶದ ಎಲ್ಲೆಡೆಯಿಂದ ವಿದ್ಯಾರ್ಥಿಗಳು ಬರುತ್ತಾರೆ. ವೆಲ್ಲೂರಿನ ಪ್ರಮಾಣವನ್ನೇ 2011ರ ಜನಗಣತಿಯಂತೆ ಸುಮಾರು 11.77 ಲಕ್ಷ ಜನಸಂಖ್ಯೆಯ ಉಡುಪಿ ಜಿಲ್ಲೆಗೆ ಅನ್ವಯಿಸಿದರೂ ಇಂತಹ ಪ್ರತಿಕಾಯಗಳಿರುವವರು ಸಾವಿರದಷ್ಟು ಮಂದಿಯಾಗುತ್ತಾರೆ. ಇದು ಬರಿಯ ಅಂದಾಜು, ಆದರೆ ಕಡೆಗಣಿಸುವಂಥದ್ದಲ್ಲ.

ಈ ಕಾಯಿಲೆಯ ಕಡಿಮೆ ಪರಿಚಿತ ಮುಖವೆಂದರೆ ಸೋಂಕಿನ ಅಪಾಯ. ಕರುಳಿನ ಒಳಪದರದಲ್ಲಿ ಟಿ ಜೀವಕೋಶಗಳು ಮಿತಿಮೀರಿ ಜಮಾಯಿಸಿ ದಾಳಿ ನಡೆಸುತ್ತಿದ್ದರೆ, ಇತ್ತ ಗುಲ್ಮ ಸದ್ದಿಲ್ಲದೆ ಸೊರಗುತ್ತದೆ. ವಯಸ್ಕ ರೋಗಿಗಳಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಮಂದಿಯ ಗುಲ್ಮ ಸರಿಯಾಗಿ ಕೆಲಸ ಮಾಡುವುದಿಲ್ಲ. ನ್ಯುಮೋಕಾಕಸ್‌ನಂತಹ, ಸುತ್ತ ಕವಚವಿರುವ ರೋಗಾಣುಗಳನ್ನು ಬೇಗನೆ ಗುರುತಿಸುವ ಒಂದು ಬಗೆಯ ಬಿ ಜೀವಕೋಶಗಳು ಗುಲ್ಮವನ್ನೇ ನೆಚ್ಚಿರುವುದರಿಂದ ಅವುಗಳ ಸಂಖ್ಯೆಯೂ ಕುಸಿಯುತ್ತದೆ. ಒಂದೆಡೆ ಅತಿಯಾದ ದಾಳಿ, ಇನ್ನೊಂದೆಡೆ ಕಾವಲಿನ ಕೊರತೆ. ನ್ಯುಮೋಕಾಕಸ್‌ನಿಂದ ರಕ್ತ ನಂಜಾಗುವ ಅಪಾಯವೂ ಕ್ಷಯದ ಅಪಾಯವೂ ಇವರಲ್ಲಿ ಹೆಚ್ಚೆಂದು ಸ್ವೀಡನ್ನಿನ ರಾಷ್ಟ್ರೀಯ ದಾಖಲೆಗಳನ್ನು ಆಧರಿಸಿದ ಅಧ್ಯಯನಗಳು ತೋರಿಸಿವೆ. ಹೆಪಟೈಟಿಸ್ ಬಿ ಲಸಿಕೆ ಕೂಡ ಇವರಲ್ಲಿ ಹಲವರಿಗೆ ಸರಿಯಾಗಿ ನಾಟುವುದಿಲ್ಲ.

ಹಾಗೆಂದು ಗಾಬರಿಗೊಳ್ಳಬೇಕಿಲ್ಲ. ಒಬ್ಬೊಬ್ಬ ರೋಗಿಯ ಮಟ್ಟಿಗೆ ಈ ಅಪಾಯ ಸಣ್ಣದು, ಬಹುಪಾಲು ತಡೆಯಬಹುದಾದದ್ದು. ಆದರೆ ಕಾಯಿಲೆ ಪತ್ತೆಯಾಗದೆ ವರ್ಷಗಳು ಉರುಳಿದಷ್ಟೂ ಗುಲ್ಮಕ್ಕೆ ಹಾನಿ ಹೆಚ್ಚು. ಮೈಸೊರಗಿ, ರಕ್ತಹೀನತೆ, ಬಿಡದ ಭೇದಿ ಇರುವವರನ್ನು ಕಂಡರೆ ನಮ್ಮಲ್ಲಿ ಮೊದಲು ಹೊಳೆಯುವುದು ಕ್ಷಯ. ಅದು ಸಹಜವೇ; ಎರಡೂ ಇರಬಹುದೆಂಬ ಎಚ್ಚರವೂ ಜೊತೆಗಿರಬೇಕು. ಕಬ್ಬಿಣದ ಮಾತ್ರೆಗೆ ಜಗ್ಗದ ರಕ್ತಹೀನತೆಗೆ ಸೀಲಿಯಾಕ್ ರಕ್ತಪರೀಕ್ಷೆ ಮಾಡಿಸುವುದು ಅಗತ್ಯ. ಜನರೂ ಅಷ್ಟೇ: ಅನುಮಾನ ಬಂದೊಡನೆ ಗೋಧಿ ಬಿಟ್ಟು ಆಮೇಲೆ ಪರೀಕ್ಷೆಗೆ ಹೋಗುವುದು ಸಲ್ಲದು. ಹಾಗೆ ಮಾಡಿದರೆ ಕಾಯಿಲೆಯ ಗುರುತುಗಳೇ ಅಳಿಸಿಹೋಗುತ್ತವೆ.

ಪತ್ತೆಯಾದ ಮೇಲೆ ಆಜೀವ ಪಥ್ಯ ಅನಿವಾರ್ಯ. ಕಜೆ ಅಕ್ಕಿಯ ಕಾರ್ಕಳಕ್ಕೆ, ಅಕ್ಕಿಯ ತಿಂಡಿಗಳ ಉಡುಪಿಗೆ ಅದು ಉತ್ತರದವರಿಗಿಂತ ಸುಲಭ. ಆದರೆ ಪಥ್ಯದ ಚೀಟಿಯಷ್ಟೇ ಸಾಲದು. ನ್ಯುಮೋಕಾಕಸ್ ಲಸಿಕೆಯ ಸಲಹೆ, ಹೆಪಟೈಟಿಸ್ ಬಿ ರಕ್ಷಣೆ ಉಳಿದಿದೆಯೇ ಎಂಬ ತಪಾಸಣೆ, ಚಳಿಜ್ವರ ಬಂದರೆ ತಡಮಾಡದೆ ವೈದ್ಯರನ್ನು ಕಾಣಬೇಕೆಂಬ ಎಚ್ಚರಿಕೆ ಅದರಲ್ಲಿ ಸೇರಬೇಕು. ಡೆಂಗಿ, ಇಲಿಜ್ವರಗಳ ಮಳೆಗಾಲದಲ್ಲಿ ಈ ಎಚ್ಚರಿಕೆಗೆ ಇನ್ನಷ್ಟು ಬೆಲೆಯಿದೆ. ಶಿಶುಗಳಿಗೆ ನ್ಯುಮೋಕಾಕಸ್ ಲಸಿಕೆಯನ್ನು 2017ರಲ್ಲಿ ಆರಂಭಿಸಿ 2021ರಲ್ಲಿ ದೇಶವ್ಯಾಪಿಗೊಳಿಸಿದ ಸರ್ಕಾರ, ಇಂತಹ ವಯಸ್ಕ ರೋಗಿಗಳಿಗೂ ಅದನ್ನು ಉಚಿತವಾಗಿ ನೀಡಬೇಕು. ಪತ್ತೆಯಾದವರ ಸಂಖ್ಯೆ ಚಿಕ್ಕದಾಗಿರುವುದರಿಂದ ಬೊಕ್ಕಸಕ್ಕೆ ಇದು ಹೊರೆಯಾಗದು.

1953ರಲ್ಲಿ ಆರಂಭವಾದ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಇರುವ ಜಿಲ್ಲೆಯಲ್ಲಿ ತಜ್ಞರ ಕೊರತೆಯಿಲ್ಲ. ಬೇಕಿರುವುದು, ಮಣಿಪಾಲದ ತಜ್ಞರ ಅರಿವು ಕಾಪು, ಕಾರ್ಕಳದ ಆರೋಗ್ಯ ಕೇಂದ್ರಗಳವರೆಗೂ ಹರಿಯುವ ವ್ಯವಸ್ಥೆ. ಕಾಯಿಲೆ ಅಪರೂಪ ಎಂಬುದು ಅದನ್ನು ಮರೆಯಲು ಕಾರಣವಾಗಬಾರದು. ಅಪರೂಪದ ಕಾಯಿಲೆಯನ್ನು ಹುಡುಕಿಯೇ ಹಿಡಿಯಬೇಕು. ತಾನಾಗಿ ಅದು ಕಣ್ಣಿಗೆ ಬೀಳುವುದಿಲ್ಲ.