ದುರ್ಗದ ಗಾಳಿ, ಎತ್ತರದ ಗಾಡಿ

ಆಷಾಢ ಹತ್ತಿರ ಬಂತು. ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲುಗಟ್ಟಿ ನಿಂತ ಗಾಳಿಯಂತ್ರಗಳಿಗೆ ಇನ್ನು ಸುಗ್ಗಿಯ ಕಾಲ. ಅದೇ ಗಾಳಿಗೆ ಮೈಯೊಡ್ಡಿ, ಕೆಳಗೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ, ಬೆಂಗಳೂರಿಗೂ ಪುಣೆಗೂ ನಡುವೆ ಕಂಟೇನರ್ ಲಾರಿಗಳು ಓಡುತ್ತವೆ.

ಗುಡ್ಡದ ಮೇಲಿನ ಯಂತ್ರದ ನೆತ್ತಿಯಲ್ಲಿ ಗಾಳಿಯ ವೇಗ ಅಳೆಯುವ ಮಾಪಕವಿರುತ್ತದೆ. ವೇಗ ಗಂಟೆಗೆ ಸುಮಾರು 90 ಕಿ.ಮೀ. ದಾಟಿದರೆ ಸಾಮಾನ್ಯವಾಗಿ ಯಂತ್ರ ತಾನೇ ನಿಂತುಬಿಡುತ್ತದೆ. ಕೆಳಗೆ ಸ್ಟೇರಿಂಗ್ ಹಿಡಿದವನು ಮಾತ್ರ ಮರದ ಕೊಂಬೆ ನೋಡಿ, ಗಾಡಿ ಎತ್ತ ಎಳೆಯುತ್ತಿದೆ ಎಂದು ಅಂದಾಜು ಮಾಡಿಯೇ ಮುಂದೆ ಸಾಗಬೇಕು. ಯಂತ್ರಕ್ಕೆ ಸಿಗುವ ಸುದ್ದಿ ಮನುಷ್ಯನಿಗೂ ಸಿಗಬೇಕು.

ಗಾಳಿಯ ವೇಗ ಇಮ್ಮಡಿಯಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತದೆ. ನಲವತ್ತು ಅಡಿ ಕಂಟೇನರ್‌ನ ಒಂದು ಪಕ್ಕ 30 ಚದರ ಮೀಟರ್‌ಗಿಂತ ದೊಡ್ಡದು. ಗಂಟೆಗೆ 80 ಕಿ.ಮೀ. ವೇಗದ ಗಾಳಿ ಅದಕ್ಕೆ ಅಡ್ಡಲಾಗಿ ಬಡಿದರೆ ಸುಮಾರು ಒಂದು ಟನ್ ಭಾರ ಪಕ್ಕದಿಂದ ಒರಗಿದಂತೆ. ಲೋಡು ತುಂಬಿದ ಗಾಡಿ ಅದನ್ನು ತಡೆದುಕೊಳ್ಳುತ್ತದೆ. ಅಪಾಯ ಹೆಚ್ಚಿರುವುದು ಖಾಲಿ ಗಾಡಿಗೆ, ಹುಲ್ಲು, ಹತ್ತಿ, ಥರ್ಮಾಕೋಲ್, ಪ್ಲಾಸ್ಟಿಕ್ ಟ್ಯಾಂಕುಗಳಂಥ ಹಗುರ ಸರಕನ್ನು ಎತ್ತರಕ್ಕೆ ಪೇರಿಸಿದ ಗಾಡಿಗೆ. ಲೋಡು ಇಳಿಸಿ ವಾಪಸ್ ಬರುವಾಗಲೇ ಮೈಮರೆಯುವುದು ಹೆಚ್ಚು. ಗಾಳಿ ಕಾಯುವುದೂ ಅದನ್ನೇ.

ಹಿರಿಯೂರಿನಿಂದ ದಾವಣಗೆರೆವರೆಗೆ ಈ ರಸ್ತೆ ಹೆಚ್ಚುಕಡಿಮೆ ವಾಯವ್ಯಕ್ಕೆ ಸಾಗುತ್ತದೆ. ಮುಂಗಾರಿನ ಗಾಳಿ ಬರುವುದು ನೈಋತ್ಯದಿಂದ, ಪಶ್ಚಿಮದಿಂದ. ಹಾಗಾಗಿ ಹುಬ್ಬಳ್ಳಿ ಕಡೆ ಹೋಗುವಾಗ ಅದು ಕ್ಲೀನರ್ ಬದಿಗೆ ಬಡಿದು ಗಾಡಿಯನ್ನು ಡಿವೈಡರ್ ಕಡೆ ತಳ್ಳುತ್ತದೆ. ಬೆಂಗಳೂರಿಗೆ ವಾಪಸ್ ಬರುವಾಗ ಡ್ರೈವರ್ ಬದಿಗೆ ಬಡಿದು ರಸ್ತೆಯ ಅಂಚಿಗೆ ತಳ್ಳುತ್ತದೆ. ಗುಡ್ಡ ಕಡಿದ ಜಾಗದಲ್ಲಿ ಗಾಳಿ ಅಡಗಿ, ಅಲ್ಲಿಂದ ಹೊರಬಿದ್ದ ಕ್ಷಣದಲ್ಲಿ, ಫ್ಲೈಓವರ್ ಏರಿದಾಗ, ಇನ್ನೊಂದು ಕಂಟೇನರನ್ನು ಓವರ್‌ಟೇಕ್ ಮಾಡಿ ಅದರ ಮರೆ ತಪ್ಪಿದಾಗ ಗಾಳಿ ಒಮ್ಮೆಲೇ ಹೊಡೆಯುತ್ತದೆ. ಗಾಬರಿಯಿಂದ ಸ್ಟೇರಿಂಗ್ ಎಳೆದಿರೋ, ಮರುಕ್ಷಣ ಗಾಳಿ ಸಡಿಲಿ, ನೀವು ಎಳೆದ ಕಡೆಗೇ ಗಾಡಿ ನುಗ್ಗುತ್ತದೆ. ನನ್ನ ಮಟ್ಟಿಗೆ ಗಾಳಿಗಿಂತ ಈ ಎಳೆತಕ್ಕೇ ಹೆಚ್ಚು ಹೆದರಬೇಕು.

ಚತುಷ್ಪಥ ಹೆದ್ದಾರಿಯಲ್ಲಿ ಸರಕು ವಾಹನಕ್ಕೆ 80 ಕಿ.ಮೀ. ಮಿತಿ ಇದೆ. ಅದು ಗಾಳಿಮಳೆ ಇಲ್ಲದ ದಿನದ ಲೆಕ್ಕ. ಗಾಡಿ ಓಲಾಡತೊಡಗಿದರೆ 40ಕ್ಕೆ ಇಳಿಸಿ, ಎರಡೂ ಕೈ ಸ್ಟೇರಿಂಗ್ ಮೇಲಿರಲಿ, ಓವರ್‌ಟೇಕ್ ಬಿಡಿ, ಪಕ್ಕದ ಬೈಕಿನವನಿಗೆ ಜಾಗ ಕೊಡಿ. ಹೊರಡುವ ಮುನ್ನ ಟಾರ್ಪಾಲ್, ಹಗ್ಗ ಬಿಗಿಯಾಗಿವೆಯೇ ನೋಡಿ. ಆಗದಿದ್ದರೆ ನಿಲ್ಲಿಸಿ, ಫ್ಲೈಓವರ್ ಮೇಲಲ್ಲ, ಸಮತಟ್ಟು ಜಾಗದಲ್ಲಿ, ಗಾಡಿಯ ಮೂತಿ ಗಾಳಿಗೆ ಎದುರಾಗಿರುವಂತೆ. ಹೋರ್ಡಿಂಗ್ ಕೆಳಗಂತೂ ಬೇಡ. 2024ರ ಮೇ 13ರಂದು ಮುಂಬೈನ ಘಾಟ್‌ಕೋಪರ್‌ನಲ್ಲಿ ಗಾಳಿಗೆ ಪೆಟ್ರೋಲ್ ಬಂಕ್ ಮೇಲೆ ಬಿದ್ದ ಹೋರ್ಡಿಂಗ್ 17 ಜನರ ಜೀವ ತೆಗೆಯಿತು.

ಎಲ್ಲವನ್ನೂ ಚಾಲಕನ ತಲೆಗೇ ಕಟ್ಟುವುದು ನ್ಯಾಯವಲ್ಲ. ಹಳೆಯ ಪಾಂಬನ್ ಸೇತುವೆಯಲ್ಲಿ ಗಾಳಿ ಗಂಟೆಗೆ 58 ಕಿ.ಮೀ. ದಾಟಿದರೆ ರೈಲನ್ನು ತಡೆಯುವ ವ್ಯವಸ್ಥೆ ಇತ್ತು. 1964ರ ಡಿಸೆಂಬರ್ ಚಂಡಮಾರುತದಲ್ಲಿ ಧನುಷ್ಕೋಟಿಯ ಪ್ಯಾಸೆಂಜರ್ ರೈಲು ಕೊಚ್ಚಿಹೋದದ್ದನ್ನು ಕಂಡ ತೀರ ಅದು. ನಮ್ಮ ಹೆದ್ದಾರಿ ಅಂಥದೊಂದು ದುರಂತಕ್ಕೆ ಕಾಯಬೇಕಿಲ್ಲ. ಹವಾಮಾನ ಇಲಾಖೆ ಮುಂದಿನ ಮೂರು ಗಂಟೆಯ ಮುನ್ಸೂಚನೆಯನ್ನು ಜಿಲ್ಲಾವಾರು ಕೊಡುತ್ತದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಹವಾಮಾನ ಕೇಂದ್ರಗಳು ಹೋಬಳಿ ಮಟ್ಟದಲ್ಲಿವೆ. ಗುಡ್ಡದ ಮೇಲೆ ಗಾಳಿಯಂತ್ರಗಳ ಅಳತೆ ಸಿದ್ಧವಾಗಿದೆ. ಇವನ್ನು ಕೂಡಿಸಿ ದುರ್ಗದ ಆಚೀಚೆ ಇರುವ ಗುಯಿಲಾಳು, ಹೆಬ್ಬಾಳು ಟೋಲ್‌ಗಳಲ್ಲಿ ದೊಡ್ಡ ಅಕ್ಷರದ ಬೋರ್ಡಿನಲ್ಲಿ, ಕನ್ನಡದಲ್ಲೂ ಹಿಂದಿಯಲ್ಲೂ ತೋರಿಸಲಿ. ಬಯಲಿನ ಫ್ಲೈಓವರ್‌ಗಳ ಬಳಿ ವಿಮಾನ ನಿಲ್ದಾಣದಲ್ಲಿರುವಂಥ ಗಾಳಿಚೀಲ ಕಟ್ಟಲಿ. ಗಾಳಿ ಮಿತಿಮೀರಿದ ಹೊತ್ತು ಖಾಲಿ ಕಂಟೇನರ್‌ಗಳನ್ನು ಟೋಲ್ ಬಳಿಯೇ ತಡೆದು ನಿಲ್ಲಿಸಲು ಹೆದ್ದಾರಿ ಪ್ರಾಧಿಕಾರವೂ ಪೊಲೀಸರೂ ಈಗಲೇ ಜಾಗ ಗೊತ್ತುಮಾಡಲಿ.

ಲಾರಿ ಮಾಲೀಕರಲ್ಲೂ ಒಂದು ಕೋರಿಕೆ. ಗಾಳಿ ಜೋರಾಗಿದೆ, ಗಾಡಿ ನಿಲ್ಲಿಸಿದ್ದೇನೆ ಎಂದು ನಿಮ್ಮ ಡ್ರೈವರ್ ಫೋನ್ ಮಾಡಿದರೆ ಬೈಯಬೇಡಿ. ಆ ದಿನದ ಭತ್ಯೆ ಮುರಿಯಬೇಡಿ. ಗಾಳಿ ತಗ್ಗಿದ ಮೇಲೆ ಹೊರಡಪ್ಪ ಎನ್ನಿ.