ಬ್ಯಾಂಕು ಬದಲಾದರೆ ದಂಡವಿಲ್ಲ, ಠೇವಣಿದಾರ ಬದಲಿಸಿದರೆ ದಂಡ!

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಠೇವಣಿದಾರರು 2013ರಿಂದೀಚೆಗೆ ತಮ್ಮ ಬ್ಯಾಂಕುಗಳ ಹೆಸರುಗಳು ಒಂದೊಂದಾಗಿ ಅಳಿದುದನ್ನು ಕಂಡಿದ್ದಾರೆ. ಕಲಬುರಗಿಯಲ್ಲೇ ಪ್ರಧಾನ ಕಚೇರಿಯಿದ್ದ ಕೃಷ್ಣಾ ಗ್ರಾಮೀಣ ಬ್ಯಾಂಕು ಆ ವರ್ಷ ಪ್ರಗತಿ ಕೃಷ್ಣಾ ಆಯಿತು. ಮುಂದೆ ಕಾವೇರಿ ಗ್ರಾಮೀಣ ಬ್ಯಾಂಕು ಅದರೊಡನೆ ಕೂಡಿತು. 2025ರ ಮೇ 1ರಂದು ವಿಕಾಸ ಗ್ರಾಮೀಣ ಬ್ಯಾಂಕೂ ಸೇರಿತು. ನಿಜಾಮರ ಕಾಲದಲ್ಲಿ, 1941ರಲ್ಲಿ ಹುಟ್ಟಿದ ಹೈದರಾಬಾದ್ ಬ್ಯಾಂಕು 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕಿನ ಹೊಟ್ಟೆ ಸೇರಿತು. ಪ್ರತಿಸಲವೂ ಬಡವನ ಮುದ್ದತಿ ಠೇವಣಿ ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ವರ್ಗವಾಯಿತು. ಅವನ ಒಪ್ಪಿಗೆಯನ್ನು ಯಾರೂ ಕೇಳಲಿಲ್ಲ.

ಆದರೆ ಅದೇ ಠೇವಣಿದಾರ, "ಬೇರೆ ಬ್ಯಾಂಕಿನಲ್ಲಿ ಬಡ್ಡಿ ಹೆಚ್ಚಿದೆ, ನನ್ನ ಹಣವನ್ನು ಅಲ್ಲಿಗೆ ಒಯ್ಯುತ್ತೇನೆ" ಎಂದರೆ ದಂಡ ತೆರಬೇಕು! ಇದು ಯಾವ ನ್ಯಾಯ?

ದಂಡದ ಲೆಕ್ಕವನ್ನು ನೋಡೋಣ. ಒಂದು ಲಕ್ಷ ರೂಪಾಯಿಯನ್ನು ಮೂರು ವರ್ಷಕ್ಕೆ ಶೇಕಡ 7ರಂತೆ ಇಟ್ಟು, ಒಂದು ವರ್ಷಕ್ಕೇ ಮುರಿದರೆಂದಿಟ್ಟುಕೊಳ್ಳಿ. ಆಗ ಸಿಗುವುದು ಶೇಕಡ 7 ಅಲ್ಲ, ಒಂದು ವರ್ಷದ ಠೇವಣಿಗಿದ್ದ ದರ. ಅದು ಶೇಕಡ 6.5 ಆಗಿದ್ದರೆ, ಅದರಲ್ಲೂ ಅರ್ಧ ಶೇಕಡವನ್ನು ದಂಡವೆಂದು ಮುರಿದುಕೊಳ್ಳುತ್ತಾರೆ. ಕೈಗೆ ಬರುವುದು 7,000 ಅಲ್ಲ, 6,000. ಸ್ಟೇಟ್ ಬ್ಯಾಂಕಿನಲ್ಲಿ ಐದು ಲಕ್ಷದವರೆಗಿನ ಠೇವಣಿಗೆ ಈ ಅರ್ಧ ಶೇಕಡ, ಅದಕ್ಕೆ ಮೇಲ್ಪಟ್ಟರೆ ಒಂದು ಶೇಕಡ.

ಅಂಚೆ ಕಚೇರಿಯ ಕಥೆ ಇನ್ನೂ ಕಠೋರ. 2023ರ ನವೆಂಬರಿನ ತಿದ್ದುಪಡಿಯಂತೆ, ಐದು ವರ್ಷದ ಠೇವಣಿಯನ್ನು ನಾಲ್ಕು ವರ್ಷ ಕಳೆದ ಮೇಲೆ ಮುರಿದರೂ ಉಳಿತಾಯ ಖಾತೆಯ ಶೇಕಡ 4 ಮಾತ್ರ. ಶೇಕಡ 7.5ಕ್ಕೆ ಲಕ್ಷ ರೂಪಾಯಿ ಕಟ್ಟಿದವನಿಗೆ, ಚಕ್ರಬಡ್ಡಿ ಬಿಟ್ಟು ಲೆಕ್ಕ ಹಾಕಿದರೂ, ನಾಲ್ಕು ವರ್ಷಕ್ಕೆ 14,000 ರೂಪಾಯಿ ನಷ್ಟ.

ಹೀಗೆ ಠೇವಣಿ ಮುರಿಯುವವರು ಯಾರು? ಸಿರಿವಂತನಿಗೆ ಆ ಅಗತ್ಯ ಬೀಳದು. ತೊಗರಿ ಮಾರಿದ ಹಣವನ್ನು ಮಗಳ ಮದುವೆಗೆಂದು ಕಟ್ಟಿಟ್ಟ ರೈತ, ಮಳೆ ಕೈಕೊಟ್ಟಾಗ ಮರುಬಿತ್ತನೆಗೆ ಮುರಿಯುತ್ತಾನೆ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿಯ ಹೊಲಗಳನ್ನು ಮುಳುಗಿಸಿದಳು. ಅಂಥ ಕಾಲಕ್ಕೆಂದೇ ಅಲ್ಲವೆ ಬಡವ ಕೂಡಿಡುವುದು? ಆಪತ್ತಿಗೆಂದು ಇಟ್ಟ ಹಣಕ್ಕೆ ಆಪತ್ತಿನಲ್ಲಿಯೇ ದಂಡ!

ಠೇವಣಿಯ ಅವಧಿಯನ್ನು ನಂಬಿಯೇ ತಾವು ಸಾಲ ಕೊಡುತ್ತೇವೆ ಎಂಬುದು ಬ್ಯಾಂಕಿನವರ ಉತ್ತರ. ಅದರಲ್ಲಿ ಸತ್ಯಾಂಶವುಂಟು. ಬಡ್ಡಿ ಇಳಿದಾಗಲೂ ಒಪ್ಪಿದ ದರವನ್ನು ಅವರು ಕೊಡಬೇಕಾಗುತ್ತದೆ ಎಂಬುದೂ ನಿಜ. ಆದುದರಿಂದ ಮೂರು ವರ್ಷದ ದರವನ್ನು ಒಂದೇ ವರ್ಷಕ್ಕೆ ಕೊಡಿರೆಂದು ನಾವು ಕೇಳುವುದಿಲ್ಲ. ಹಣ ಇದ್ದಷ್ಟು ದಿನದ ದರ ಕೊಡಿ, ಸಾಕು. ದುಡಿದಷ್ಟು ದಿನದ ಕೂಲಿ ಕೊಟ್ಟ ಮೇಲೆ, ಕೆಲಸ ಬಿಟ್ಟನೆಂದು ಆ ಕೂಲಿಯಲ್ಲೂ ಮುರಿದುಕೊಳ್ಳುವುದು ಜಮೀನುದಾರಿ ಪದ್ಧತಿ.

ಬದಲಾಗುವ ಬಡ್ಡಿಯ ಮನೆಸಾಲವನ್ನು ಅವಧಿಗೆ ಮೊದಲೇ ತೀರಿಸಿದವನಿಗೆ ದಂಡ ಹಾಕಕೂಡದೆಂದು ರಿಸರ್ವ್ ಬ್ಯಾಂಕು ಕಟ್ಟುನಿಟ್ಟು ಮಾಡಿದೆ. ಒಂದು ಕೋಟಿವರೆಗಿನ ಠೇವಣಿಯನ್ನು ಅವಧಿಗೆ ಮೊದಲು ಪಡೆಯುವ ಹಕ್ಕು ಜನರಿಗೆ ಇರಲೇಬೇಕೆಂದು 2023ರಲ್ಲಿ ಹೇಳಿದ್ದೂ ಅದೇ. ಆದರೆ ಆ ಹಕ್ಕಿಗೆ ಎಷ್ಟು ದಂಡವೆಂಬುದನ್ನು ಮಾತ್ರ ಆಯಾ ಬ್ಯಾಂಕಿನ ಮರ್ಜಿಗೆ ಬಿಟ್ಟಿದೆ. ಸಾಲಗಾರನಿಗೆ ಸಂದ ನ್ಯಾಯ ಠೇವಣಿದಾರನಿಗೆ ಏಕೆ ಸಲ್ಲದು?

1969ರಲ್ಲಿ ಹದಿನಾಲ್ಕು ಬ್ಯಾಂಕುಗಳನ್ನು ರಾಷ್ಟ್ರೀಕರಿಸಿದ್ದು, 1975ರಲ್ಲಿ ಗ್ರಾಮೀಣ ಬ್ಯಾಂಕುಗಳನ್ನು ಕಟ್ಟಿದ್ದು ಬಡಬಗ್ಗರ ಹೆಸರಿನಲ್ಲಿ. ಆ ಹೆಸರಿಗಾದರೂ ಮರ್ಯಾದೆ ಉಳಿಯಲಿ.

ನಮ್ಮ ಬೇಡಿಕೆಗಳು ಸ್ಪಷ್ಟ. ಎರಡು ಲಕ್ಷದವರೆಗಿನ ಠೇವಣಿಗೆ ದಂಡ ಪೂರ್ತಿ ರದ್ದಾಗಲಿ. ಬ್ಯಾಂಕುಗಳು ವಿಲೀನವಾದ ಮೇಲೆ ಎರಡು ವರ್ಷ, ಹಣವನ್ನು ಬೇರೆಡೆ ಒಯ್ಯಲು ಎಲ್ಲರಿಗೂ ದಂಡವಿಲ್ಲದ ಅವಕಾಶವಿರಲಿ. ಅಂಚೆಯ 2023ರ ತಿದ್ದುಪಡಿ ವಾಪಸಾಗಲಿ. ದಂಡದ ಷರತ್ತು ಠೇವಣಿ ರಸೀದಿಯ ಮೇಲೆ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಅಚ್ಚಾಗಲಿ.

ಅಲ್ಲಿಯವರೆಗೆ ನಮ್ಮ ಓದುಗರು ಎಚ್ಚರದಿಂದಿರಬೇಕು. ಲಕ್ಷ ರೂಪಾಯಿಯನ್ನು ಒಂದೇ ರಸೀದಿಯಲ್ಲಿ ಕಟ್ಟದೆ ನಾಲ್ಕಾಗಿ ಕಟ್ಟಿ. ಅಡಚಣೆ ಬಂದರೆ ಒಂದನ್ನು ಮುರಿದರಾಯಿತು. ಮುರಿಯುವ ಮುನ್ನ, ಠೇವಣಿಯ ಮೇಲೆ ಸಾಲ ಪಡೆದರೆ ಖರ್ಚು ಕಡಿಮೆಯೇ ಎಂದು ಕೇಳಿ. ಸಹಿ ಹಾಕುವ ಮೊದಲು ದಂಡವೆಷ್ಟೆಂದು ಗಟ್ಟಿಯಾಗಿ ಕೇಳಿ. ಹಣ ನಮ್ಮದು, ಕೇಳುವ ಹಕ್ಕೂ ನಮ್ಮದು.