ಸುಮ್ಮನಿರು ಎಂಬ ಉಪದೇಶ

‘ಮೊದಲೆರಡು ಸುತ್ತು ಬಾಯಿ ಬಿಡಬೇಡ. ಹೆಚ್ಚು ಜನ ಎತ್ತ ವೋಟು ಹಾಕುತ್ತಾರೋ ಅತ್ತಲೇ ಹಾಕು.’ ಆನ್‌ಲೈನ್ ಮಾಫಿಯಾ ಆಟಕ್ಕೆ ಬಂದ ಹೊಸಬರಿಗೆ ಹಳಬರು ಹೇಳುವ ಬುದ್ಧಿಮಾತು ಇದು. ಇದರಷ್ಟು ಕೆಟ್ಟ ಸಲಹೆ ಇನ್ನೊಂದಿಲ್ಲ.

1986ರಲ್ಲಿ ಮಾಸ್ಕೋ ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ವಿಭಾಗದಲ್ಲಿ ದಿಮಿತ್ರಿ ದವಿದೋವ್ ಕಟ್ಟಿದ ಆಟದ ಹುರುಳೇ ಇಷ್ಟು: ಯಾರು ಯಾರೆಂದು ಬಲ್ಲ ಕೆಲವರು, ಏನೂ ತಿಳಿಯದ ಹಲವರು. 7 ಜನರಲ್ಲಿ ಇಬ್ಬರು ಕೊಲೆಗಡುಕರು ಎನ್ನಿ. ಹಗಲು ಎಲ್ಲರೂ ವೋಟು ಹಾಕಿ ಒಬ್ಬರನ್ನು ಹೊರದಬ್ಬುತ್ತಾರೆ. ರಾತ್ರಿ ಕೊಲೆಗಡುಕರು ಊರಿನವರೊಬ್ಬರನ್ನು ಮುಗಿಸುತ್ತಾರೆ. ಹಗಲಿನಿಂದ ಶುರುವಾದರೆ, ಊರು ಎರಡು ಸಲ ತಪ್ಪಿದರೆ ಸಾಕು, ಇಬ್ಬರೆದುರು ಇಬ್ಬರು ಉಳಿದು ಆಟ ಮುಗಿಯಿತು. ಎದುರು ಕೂತು ಆಡುವಾಗ ಮುಖವಾದರೂ ಕಾಣುತ್ತದೆ. ಗುಪ್ತನಾಮದಲ್ಲಿ ಸಿಗುವುದು ಬರೆದ ಮಾತು, ಹಾಕಿದ ವೋಟು, ಎರಡೇ. ಮಾತೇ ಆಡದವರು ಯಾರಿಗೆ ನೆರವಾದಂತಾಯಿತು?

ಸುಮ್ಮನಿದ್ದವರು ಹೆಚ್ಚು ಕಾಲ ಉಳಿಯುತ್ತಾರೆ, ನಿಜ. ಅವರನ್ನು ಕೊಲ್ಲುವ ದರ್ದು ಕೊಲೆಗಡುಕರಿಗಿಲ್ಲ! ಆದರೆ ಊರು ಗೆದ್ದರೆ ಸತ್ತ ಊರಿನವರೂ ಗೆದ್ದಂತೆಯೇ, ಉಳಿಯುವುದೇ ಗೆಲುವಲ್ಲ.

ನನ್ನ ಎರಡನೇ ಆಟದಲ್ಲಿ ಒಬ್ಬರು ಬಿಡದೆ ಪ್ರಶ್ನೆ ಕೇಳುತ್ತಿದ್ದರು. ಅಷ್ಟಕ್ಕೇ ಅವರ ಮೇಲೆ ಗುಮಾನಿ ಎದ್ದಿತು. ನನಗೆ ಅವರ ಮಾತು ಸರಿಯೆನಿಸಿತ್ತು. (ಸೆಮಿನಾರುಗಳಲ್ಲಿ ತಲೆಯಾಡಿಸಿ ಎದ್ದುಬರುವ ಅಭ್ಯಾಸ ಮೊದಲೇ ಇತ್ತಲ್ಲ.) 7 ಜನರ ಆಟದಲ್ಲಿ ಅವರ ವಿರುದ್ಧ ಬಿದ್ದ ನಾಲ್ಕನೆಯ ವೋಟು ನನ್ನದು. ಅವರು ಊರಿನವರೇ ಆಗಿದ್ದರು.

ಹಾಗಾಗಿ ಹೊಸಬರೇ, ಮೊದಲ ಹಗಲಲ್ಲೇ ಒಂದು ಹೆಸರು ಹೇಳಿ, ಕಾರಣ ಬರೆಯಿರಿ. ತಪ್ಪಿದರೆ ತಪ್ಪಿದೆ ಎನ್ನಿ. ಕಾರಣ ಹೇಳದೆ ಕೊನೆಯ ಗಳಿಗೆಯಲ್ಲಿ ಗುಂಪಿಗೆ ಸೇರಿಕೊಂಡವರು ಯಾರೆಂದು ನೋಡಿಟ್ಟುಕೊಳ್ಳಿ. ಮರುದಿನ ಮೊದಲ ಪ್ರಶ್ನೆ ಅವರಿಗೇ ಇರಲಿ.